ಗುಣವಾಗದವರ ನಡುವೆ ಸಭೆ: ದೀರ್ಘಕಾಲಿಕ ಕಾಯಿಲೆ ಮತ್ತು ಸಹರೋಗಿಗಳ ಕಾರ್ಯಾಗಾರ

ರೋಗಿಯ ಬಳಿಗೆ ಹೋಗುವ ಸಭಾಪಾಲಕರಿಗೆ ಎರಡು ಸಂದರ್ಭಗಳು ಚೆನ್ನಾಗಿ ಪರಿಚಿತವಾಗಿವೆ. ಒಂದು, ಜ್ವರವೋ ಶಸ್ತ್ರಚಿಕಿತ್ಸೆಯೋ ಬಂದಾಗ ಗುಣವಾಗಲೆಂದು ಮಾಡುವ ಪ್ರಾರ್ಥನೆ. ಇನ್ನೊಂದು, ಮರಣಶಯ್ಯೆಯ ಬಳಿ ನಿಂತು ಮಾಡುವ ಪ್ರಾರ್ಥನೆ. ಈ ಎರಡಕ್ಕೂ ನಮ್ಮ ಆರಾಧನಾ ಪುಸ್ತಕಗಳಲ್ಲಿ ಕ್ರಮಗಳಿವೆ, ನಮ್ಮ ಬಾಯಲ್ಲಿ ಮಾತುಗಳಿವೆ. ಆದರೆ ಇವೆರಡರ ನಡುವೆ ಇಪ್ಪತ್ತು ಮೂವತ್ತು ವರ್ಷ ಬದುಕುವವರಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವು, ಉಬ್ಬಸ, ಮೂರ್ಛೆರೋಗ ಇವುಗಳೊಡನೆ ದಿನ ಕಳೆಯುವವರು ಅವರು. ಸಾಯುತ್ತಲೂ ಇಲ್ಲ, ಗುಣವಾಗುತ್ತಲೂ ಇಲ್ಲ. ಮೊದಲ ವರ್ಷ ಅವರ ಹೆಸರು ಪ್ರಾರ್ಥನಾ ಪಟ್ಟಿಯಲ್ಲಿರುತ್ತದೆ. ಮೂರನೆಯ ವರ್ಷಕ್ಕೆ ಅದು ಪಟ್ಟಿಯಿಂದ ಜಾರಿರುತ್ತದೆ. ಆಮೇಲೆ "ಹೇಗಿದ್ದೀರಮ್ಮಾ?" ಎಂದು ಕೇಳಿದರೆ, "ಚೆನ್ನಾಗಿದ್ದೀನಿ ಅಯ್ಯನವ್ರೇ" ಎಂಬ ಉತ್ತರವೇ ಬರುತ್ತದೆ. ಆ ಉತ್ತರವನ್ನು ನಾವು ನಂಬಿ ಮುಂದಿನ ಮನೆಗೆ ಹೋಗುತ್ತೇವೆ.

ಈ ನಡುವಣ ವರ್ಷಗಳಿಗೆ ಸಭೆಯು ಏನು ಮಾಡಬಲ್ಲದು ಎಂಬುದು ಇಲ್ಲಿನ ಪ್ರಶ್ನೆ. ದೀರ್ಘಕಾಲಿಕ ಕಾಯಿಲೆಯುಳ್ಳವರು ತಾವೇ ಮುಂದಾಳುಗಳಾಗಿ ನಡೆಸುವ ಸಣ್ಣ ಕಾರ್ಯಾಗಾರಗಳ ಕ್ರಮವೊಂದು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದು ಬಂದಿದೆ. ಅದರ ಸ್ವರೂಪವನ್ನೂ ಮಿತಿಯನ್ನೂ ವಿವರಿಸಿ, ಅದಕ್ಕೆ ಸುವಾರ್ತೆಯೊಡನೆ ಇರುವ ಸಂಬಂಧವನ್ನು ಪರಿಶೀಲಿಸಿ, ಗ್ರಾಮಸಭೆಯ ಸಂದರ್ಭದಲ್ಲಿ ಅದು ಹೇಗೆ ರೂಪ ತಳೆಯಬಹುದೆಂದು ನೋಡುವುದು ಈ ಲೇಖನದ ಉದ್ದೇಶ. ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಸೋಲೂರು ಹೋಬಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ರೋಗದ ಸ್ವರೂಪ ಬದಲಾಗಿದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಧಿಕ ರಕ್ತದೊತ್ತಡವುಳ್ಳವರು 31.5 ಕೋಟಿ. ಇದನ್ನು ಪಟ್ಟಣದ ಶ್ರೀಮಂತರ ಕಾಯಿಲೆ ಎಂದು ಕರೆಯುವ ಕಾಲ ಮುಗಿದಿದೆ.

ನಮ್ಮ ಸೆಮಿನೇರಿಗಳು ಹೊತ್ತು ಬಂದಿರುವ ವೈದ್ಯಸೇವೆಯ ಚಿತ್ರ ಬೇರೆ ಕಾಲದ್ದು. 1886ರಲ್ಲಿ ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆಯೂ 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಆರಂಭವಾದಾಗ ಎದುರಿಗಿದ್ದದ್ದು ಹೆರಿಗೆಯ ಸಾವು, ಸೋಂಕು, ಪ್ಲೇಗು, ಕಾಲರಾ. ಅಂಥ ರೋಗಗಳಲ್ಲಿ ವೈದ್ಯನು ಕ್ರಿಯಾಶೀಲ, ರೋಗಿ ನಿಷ್ಕ್ರಿಯ. ಔಷಧ ಕೊಟ್ಟರೆ ರೋಗಿ ಎದ್ದು ಮನೆಗೆ ನಡೆಯುತ್ತಾನೆ, ಇಲ್ಲವೇ ಸಾಯುತ್ತಾನೆ. ದೀರ್ಘಕಾಲಿಕ ಕಾಯಿಲೆಯಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ಲೆಕ್ಕ ಸರಳವಾಗಿದೆ: ವರ್ಷಕ್ಕೆ 8,760 ಗಂಟೆಗಳು. ಒಬ್ಬ ರೋಗಿ ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರೊಡನೆ ಐದು ನಿಮಿಷ ಮಾತಾಡಿದರೆ, ವರ್ಷಕ್ಕೆ ಒಟ್ಟು ಒಂದು ಗಂಟೆಯಾಯಿತು. ಉಳಿದ 8,759 ಗಂಟೆಗಳಲ್ಲಿ ಏನು ಉಣ್ಣಬೇಕು, ಮಾತ್ರೆ ಮರೆತರೆ ಏನು ಮಾಡಬೇಕು, ಕಾಲಿನ ಗಾಯವನ್ನು ಯಾವಾಗ ತೋರಿಸಬೇಕು ಎಂದು ನಿರ್ಧರಿಸುವವರು ರೋಗಿಯೇ. ಆ ನಿರ್ಧಾರಗಳಲ್ಲಿ ಅವರು ಒಬ್ಬಂಟಿಗರು.

ಕಾರ್ಯಾಗಾರ ಎಂದರೇನು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ದಾದಿ-ಸಂಶೋಧಕಿಯೂ ಹಾಲ್ಸ್ಟೆಡ್ ಹೋಲ್ಮನ್ ಎಂಬ ವೈದ್ಯರೂ 1970ರ ದಶಕದ ಕೊನೆಯಲ್ಲಿ ಸಂಧಿವಾತದ ರೋಗಿಗಳಿಗಾಗಿ ಒಂದು ಪಾಠಕ್ರಮವನ್ನು ರೂಪಿಸತೊಡಗಿದರು. ಮುಂದೆ ಅದು ಎಲ್ಲ ದೀರ್ಘಕಾಲಿಕ ಕಾಯಿಲೆಗಳಿಗೂ ಅನ್ವಯಿಸುವ ಕಾರ್ಯಾಗಾರವಾಗಿ ಬೆಳೆಯಿತು. ಅದರ ಕ್ರಮ ಹೀಗಿದೆ. ಹತ್ತರಿಂದ ಹದಿನಾರು ಜನ ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ ಆರು ವಾರ ಸೇರುತ್ತಾರೆ. ಇಬ್ಬರು ತರಬೇತಿ ಪಡೆದ ಮುಂದಾಳುಗಳು ನಡೆಸಿಕೊಡುತ್ತಾರೆ. ಇವರಲ್ಲಿ ಒಬ್ಬರಾದರೂ ಸ್ವತಃ ದೀರ್ಘಕಾಲಿಕ ರೋಗಿಯಾಗಿರಬೇಕು. ಬೇರೆ ಬೇರೆ ಕಾಯಿಲೆಯವರು ಒಟ್ಟಿಗೇ ಕೂಡುತ್ತಾರೆ. ಏಕೆಂದರೆ ರೋಗದ ಹೆಸರು ಬೇರೆಯಾದರೂ ಆಯಾಸ, ನೋವು, ನಿದ್ರೆಗೇಡು, ಭಯ, ಮನೆಯವರ ಬೇಸರ, ವೈದ್ಯರ ಮುಂದೆ ಬಾಯಿ ಕಟ್ಟುವಿಕೆ ಇವು ಎಲ್ಲರಿಗೂ ಸಮಾನ.

ಪ್ರತಿ ಕೂಟದ ಹೃದಯವೆಂದರೆ ವಾರದ ಸಂಕಲ್ಪ. ಪ್ರತಿಯೊಬ್ಬರೂ ಮುಂದಿನ ವಾರ ತಾವೇ ಮಾಡಬಯಸುವ ಒಂದು ಸಣ್ಣ ಕೆಲಸವನ್ನು ಹೇಳುತ್ತಾರೆ: ಏನು, ಎಷ್ಟು, ಯಾವಾಗ, ವಾರದಲ್ಲಿ ಎಷ್ಟು ದಿನ. "ಇನ್ನು ಮೇಲೆ ನಡೆಯುತ್ತೇನೆ" ಎಂಬುದು ಸಂಕಲ್ಪವಲ್ಲ. "ಡೇರಿಗೆ ಹಾಲು ಹಾಕಿ ಬಂದ ಮೇಲೆ ವಾರದಲ್ಲಿ ನಾಲ್ಕು ದಿನ ಹದಿನೈದು ನಿಮಿಷ ಕೆರೆಯ ಏರಿಯ ಮೇಲೆ ನಡೆಯುತ್ತೇನೆ" ಎಂಬುದು ಸಂಕಲ್ಪ. ಅನಂತರ ಮುಂದಾಳು ಕೇಳುತ್ತಾರೆ: ಇದು ನಡೆಯುವುದೆಂಬ ನಿಮ್ಮ ಭರವಸೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಏಳಕ್ಕಿಂತ ಕಡಿಮೆಯೆಂದರೆ ಸಂಕಲ್ಪವನ್ನು ಇನ್ನಷ್ಟು ಚಿಕ್ಕದು ಮಾಡಬೇಕು. ಮುಂದಿನ ವಾರ ಎಲ್ಲರೂ ಬಂದು ಆದದ್ದನ್ನೂ ಆಗದ್ದನ್ನೂ ಹೇಳುತ್ತಾರೆ. ಆಗದಿದ್ದವರನ್ನು ಯಾರೂ ಗದರಿಸುವುದಿಲ್ಲ. "ಬೇರೆಯವರ ಸಲಹೆ ಬೇಕೇ?" ಎಂದು ಮೊದಲು ಕೇಳುತ್ತಾರೆ. ಬೇಕೆಂದರೆ ಮಾತ್ರ ಇತರರು ತಮ್ಮ ಅನುಭವದಿಂದ ಉಪಾಯಗಳನ್ನು ಹೇಳುತ್ತಾರೆ. ಅವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಆ ವ್ಯಕ್ತಿಗೇ ಬಿಟ್ಟದ್ದು. ಔಷಧದ ವಿಷಯದಲ್ಲಿ ಮುಂದಾಳು ಬಾಯಿ ಹಾಕುವಂತಿಲ್ಲ. ಅದು ವೈದ್ಯರ ಕೆಲಸ.

ಏಕೆ ಫಲಿಸುತ್ತದೆ, ಎಷ್ಟು ಫಲಿಸುತ್ತದೆ?

ಲೋರಿಗ್ ಅವರ ಆರಂಭದ ಅಧ್ಯಯನಗಳಲ್ಲಿ ಒಂದು ಅನಿರೀಕ್ಷಿತ ಸಂಗತಿ ಹೊರಬಿತ್ತು. ಹೆಚ್ಚು ತಿಳಿವಳಿಕೆ ಪಡೆದವರಿಗೆ ಹೆಚ್ಚು ಪ್ರಯೋಜನವಾದೀತೆಂದು ಅವರು ಎಣಿಸಿದ್ದರು. ಆದರೆ ನೋವು ಕಡಿಮೆಯಾದವರನ್ನು ಇತರರಿಂದ ಬೇರ್ಪಡಿಸಿದ್ದು ಪಾಠದ ವಿಷಯ ಎಷ್ಟು ನೆನಪಿತ್ತೆಂಬುದಲ್ಲ, "ಇದರ ಬಗ್ಗೆ ನಾನು ಏನಾದರೂ ಮಾಡಬಲ್ಲೆ" ಎಂಬ ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇದನ್ನು ಸ್ವಸಾಮರ್ಥ್ಯದ ನಂಬಿಕೆ ಎಂದು ವಿವರಿಸಿದ್ದರು. ತನ್ನಂತೆಯೇ ಇರುವ ಇನ್ನೊಬ್ಬರು ಮಾಡಿದ್ದನ್ನು ಕಾಣುವುದು ಆ ನಂಬಿಕೆಯನ್ನು ಬೆಳೆಸುವ ದಾರಿಗಳಲ್ಲೊಂದು. ಮುದ್ದೆಯ ಗಾತ್ರವನ್ನು ಅರ್ಧಕ್ಕಿಳಿಸಿ ಸೊಪ್ಪಿನ ಸಾರನ್ನು ಹೆಚ್ಚಿಸಿಕೊಂಡ ನೆರೆಮನೆಯಾಕೆಯ ಮಾತಿಗೆ ಇರುವ ಬಲ, ಅದನ್ನೇ ಹೇಳುವ ತೆಳುಮೈಯ ವೈದ್ಯರ ಮಾತಿಗೆ ಇರುವುದಿಲ್ಲ.

1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು, ಸಂಧಿವಾತ ಇದ್ದ 952 ಜನರನ್ನು ಆರು ತಿಂಗಳು ಗಮನಿಸಲಾಯಿತು. ಕಾರ್ಯಾಗಾರಕ್ಕೆ ಬಂದವರು ಹೆಚ್ಚು ವ್ಯಾಯಾಮ ಮಾಡಿದರು, ವೈದ್ಯರೊಡನೆ ಚೆನ್ನಾಗಿ ಮಾತಾಡಿದರು, ಆಯಾಸವೂ ಕಳವಳವೂ ಇಳಿದವು, ಆಸ್ಪತ್ರೆ ಸೇರುವುದೂ ಕಡಿಮೆಯಾಯಿತು. ಆದರೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯಸೇವೆ ಇದೇ ಮಾದರಿಯನ್ನು ದೇಶವ್ಯಾಪಿಯಾಗಿ ನಡೆಸಿದಾಗ, 2007ರ ಪರಿಶೀಲನೆಯಲ್ಲಿ ಭರವಸೆಯೂ ಚೈತನ್ಯವೂ ಹೆಚ್ಚಿದ್ದು ಕಂಡಿತು; ಆಸ್ಪತ್ರೆಯ ಬಳಕೆ ಮಾತ್ರ ಕಡಿಮೆಯಾಗಲಿಲ್ಲ. ನಮಗೆ ಹತ್ತಿರದ ಸಾಕ್ಷ್ಯ ಕೇರಳದ್ದು. ತಿರುವನಂತಪುರ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆಯ ಅಪಾಯವಿದ್ದ ಸಾವಿರಕ್ಕೂ ಮಿಕ್ಕಿದ ಜನರೊಡನೆ ನಡೆದ ಕಾರ್ಯಕ್ರಮವೊಂದರಲ್ಲಿ ಸ್ಥಳೀಯರೇ ಮುಂದಾಳುಗಳಾಗಿ ಗುಂಪುಗಳನ್ನು ನಡೆಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳಲ್ಲಿ ಸಕ್ಕರೆ ಕಾಯಿಲೆಗೆ ತುತ್ತಾದವರ ಪ್ರಮಾಣದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಸಿಗಲಿಲ್ಲ. ಆದರೆ ಮದ್ಯಸೇವನೆ ಇಳಿಯಿತು; ಹಣ್ಣು ತರಕಾರಿಗಳ ಸೇವನೆ ಏರಿತು; ದೈಹಿಕ ಸ್ವಾಸ್ಥ್ಯದ ಅನುಭವ ಉತ್ತಮವಾಯಿತು.

ಆದುದರಿಂದ ನಾವು ಅತಿಶಯೋಕ್ತಿಗೆ ಹೋಗಬಾರದು. ಸಹರೋಗಿಗಳ ಕಾರ್ಯಾಗಾರ ರೋಗವನ್ನು ವಾಸಿಮಾಡುವುದಿಲ್ಲ. ಅದು ವಾಸಿಮಾಡುವುದು ರೋಗಿಯ ಒಂಟಿತನವನ್ನು ಮತ್ತು ಅಸಹಾಯಕತೆಯನ್ನು. ಸಭೆಗೆ ಇದು ಸಣ್ಣ ಸಂಗತಿಯಲ್ಲ.

ಭಾರ ಮತ್ತು ಹೊರೆ

ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವು ಓದುಗರನ್ನು ಬಹುಕಾಲದಿಂದ ತಡೆದು ನಿಲ್ಲಿಸಿದೆ. ಎರಡನೆಯ ವಚನದಲ್ಲಿ ಪೌಲನು ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕೆನ್ನುತ್ತಾನೆ. ಐದನೆಯ ವಚನದಲ್ಲಿ ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊರಬೇಕೆನ್ನುತ್ತಾನೆ. ಮೂಲದಲ್ಲಿ ಪದಗಳು ಬೇರೆ: ಮೊದಲನೆಯದು ಬಾರೊಸ್, ಅಂದರೆ ಅದುಮುವ ತೂಕ, ಎರಡನೆಯದು ಫೋರ್ಟಿಯೋನ್, ಅಂದರೆ ಒಬ್ಬರು ಹೊತ್ತೊಯ್ಯುವ ಹೊರೆ. ಕರ್ತನು ತನ್ನ ಹೊರೆ ಹಗುರವಾದದ್ದೆಂದು ಹೇಳುವ ಕಡೆ ಮತ್ತಾಯನು ಬಳಸುವುದೂ ಈ ಎರಡನೆಯ ಪದವನ್ನೇ. ಫರಿಸಾಯರು ಜನರ ಮೇಲೆ ಹೇರುವ ಭಾರವಾದ ಹೊರೆಗಳಿಗೂ ಅದೇ ಪದ ಬಂದಿರುವುದರಿಂದ, ಪದವ್ಯತ್ಯಾಸದ ಮೇಲೊಂದರ ಮೇಲೆಯೇ ವ್ಯಾಖ್ಯಾನವನ್ನು ಕಟ್ಟಲಾಗದು. ಆದರೂ ಪೌಲನು ಎರಡು ಮಾತುಗಳನ್ನು ಅಷ್ಟು ಸಮೀಪದಲ್ಲಿಟ್ಟದ್ದು ಮರೆವಿನಿಂದಲ್ಲ. ಕೇವಲ ಮೊದಲನೆಯದನ್ನು ಹಿಡಿದರೆ ರೋಗಿಯು ಇತರರ ದಯೆಯ ವಸ್ತುವಾಗುತ್ತಾನೆ. ಕೇವಲ ಎರಡನೆಯದನ್ನು ಹಿಡಿದರೆ "ನಿನ್ನ ಕಾಯಿಲೆ ನಿನ್ನ ತಪ್ಪು, ನೀನೇ ನೋಡಿಕೋ" ಎಂಬ ನಿಷ್ಠುರತೆ ಉಳಿಯುತ್ತದೆ. ಮೇಲೆ ವಿವರಿಸಿದ ಕೂಟದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ: ಸಂಕಲ್ಪ ನನ್ನದು, ಅದನ್ನು ನಾನೇ ನಡೆಸಬೇಕು, ಆದರೆ ಮುಂದಿನ ವಾರ ಅದನ್ನು ಕೇಳಲು ಹನ್ನೆರಡು ಜನ ಕಾದಿರುತ್ತಾರೆ.

ಇದೇ ಪತ್ರಿಕೆಯಲ್ಲಿ ಇನ್ನೊಂದು ಸಂಗತಿಯಿದೆ. ಆರನೆಯ ಅಧ್ಯಾಯವನ್ನು ಓದುವಾಗ ಅದನ್ನು ನಾವು ಮರೆಯುತ್ತೇವೆ. ನಾಲ್ಕನೆಯ ಅಧ್ಯಾಯದಲ್ಲಿ ಪೌಲನು, ತಾನು ಅವರಿಗೆ ಮೊದಲು ಸುವಾರ್ತೆ ಸಾರಿದ್ದು ದೇಹದ ಅಸ್ವಸ್ಥತೆಯ ಕಾರಣದಿಂದಲೇ ಎಂದು ನೆನಪಿಸುತ್ತಾನೆ. ಆ ಸ್ಥಿತಿಯಲ್ಲಿಯೂ ಅವರು ಅವನನ್ನು ಹೀನೈಸಲಿಲ್ಲ, ಅಸಹ್ಯಪಡಲಿಲ್ಲ, ದೇವದೂತನಂತೆ ಸೇರಿಸಿಕೊಂಡರು. ಗಲಾತ್ಯದ ಸಭೆಗಳ ಕಥೆ ಆರಂಭವಾದದ್ದು ಒಬ್ಬ ರೋಗಿಯ ಆಗಮನದಿಂದ. ಭಾರ ಹೊರಬೇಕೆಂದು ಬರೆದವನು, ಅವರು ಹೊತ್ತ ಭಾರವಾಗಿದ್ದವನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅದೇ ಅಪೊಸ್ತಲನು ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿಕೊಂಡದ್ದನ್ನೂ, ಅದು ಹೋಗದೆ ಕೃಪೆ ಮಾತ್ರ ದೊರೆತದ್ದನ್ನೂ ಮುಚ್ಚಿಡದೆ ಹೇಳುತ್ತಾನೆ. ಆ ಪತ್ರಿಕೆಯ ಆರಂಭದಲ್ಲಿ, ತಾನು ಪಡೆದ ಸಂತೈಕೆಯಿಂದಲೇ ಇತರರನ್ನು ಸಂತೈಸುವ ಶಕ್ತಿ ಬರುತ್ತದೆನ್ನುತ್ತಾನೆ. ಸಹರೋಗಿಯು ಮುಂದಾಳಾಗುವುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಯೋಬನ ಸ್ನೇಹಿತರನ್ನೂ ಇಲ್ಲಿ ನೆನೆಯಬೇಕು. ಏಳು ದಿನ ನೆಲದ ಮೇಲೆ ಮಾತಿಲ್ಲದೆ ಕುಳಿತಿರುವ ತನಕ ಅವರು ಒಳ್ಳೆಯ ಸ್ನೇಹಿತರು. ಕೆಟ್ಟದ್ದು ಅವರು ಕಾರಣ ಹೇಳತೊಡಗಿದಾಗ. ಸಲಹೆ ಬೇಕೇ ಎಂದು ಕೇಳಿದ ಮೇಲೆಯೇ ಮಾತಾಡುವ ಕೂಟದ ನಿಯಮವು ಆ ತಪ್ಪಿಗೆ ಹಾಕಿದ ಬೇಲಿ. ಕುರುಡನಾದ ಬಾರ್ತಿಮಾಯನ ಅಗತ್ಯ ಕಣ್ಣಿಗೆ ಕಾಣುವಂತಿದ್ದರೂ, ಅವನಿಗೆ ಏನು ಬೇಕೆಂದು ಕರ್ತನು ಅವನನ್ನೇ ಕೇಳಿದನು.

ಸೋಲೂರಿನಂಥ ಹೋಬಳಿಯಲ್ಲಿ

ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲೆ, ನೆಲಮಂಗಲಕ್ಕೂ ಕುಣಿಗಲ್ಲಿಗೂ ನಡುವೆ ಸೋಲೂರಿದೆ. ಸುತ್ತಣ ಹಳ್ಳಿಗಳಲ್ಲಿ ರಾಗಿ, ಹುರುಳಿ, ಹಾಲು, ರೇಷ್ಮೆ. ಹೆದ್ದಾರಿಯ ದೆಸೆಯಿಂದ ರಾಜಧಾನಿಯ ಕೂಲಿ ಮತ್ತು ಕಾರ್ಖಾನೆ ಕೆಲಸ. ಇಂಥ ಕಡೆ ಕ್ರೈಸ್ತರ ಸಂಖ್ಯೆ ಅಲ್ಪ. ಆದುದರಿಂದ ಇಲ್ಲಿ ಸಹರೋಗಿಗಳ ಕೂಟವೆಂದರೆ ಸಹಜವಾಗಿಯೇ ಎಲ್ಲ ಮತಗಳ ನೆರೆಹೊರೆಯವರ ಕೂಟ. ಅದು ಹಾಗೆಯೇ ಇರಬೇಕು. ಕಾಯಿಲೆಯವರ ದೌರ್ಬಲ್ಯವನ್ನು ಮತಪ್ರಸಾರಕ್ಕೆ ಗಾಳವಾಗಿಸುವುದು ಕಾನೂನಿನ ಮಾತಿರಲಿ, ಸುವಾರ್ತೆಗೇ ಅಪಚಾರ.

ಈ ನೆಲಕ್ಕೆ ಗುಂಪಿನ ರೀತಿ ಹೊಸದಲ್ಲ. ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳೂ, 2000ನೆಯ ಇಸವಿಯಿಂದ ಸರ್ಕಾರ ಹರಡಿದ ಸ್ತ್ರೀಶಕ್ತಿ ಸಂಘಗಳೂ ನಮ್ಮ ಹೆಂಗಸರಿಗೆ ವಾರಕ್ಕೊಮ್ಮೆ ವೃತ್ತವಾಗಿ ಕುಳಿತು, ಸರದಿಯಂತೆ ಮಾತಾಡಿ, ಲೆಕ್ಕ ಒಪ್ಪಿಸುವುದನ್ನು ಕಲಿಸಿವೆ. ಹಾಲಿನ ಸಹಕಾರ ಸಂಘವೂ ಆರೋಗ್ಯವೂ ಕೂಡಿದ ನಿದರ್ಶನವೂ ರಾಜ್ಯದಲ್ಲಿದೆ: ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಹಾಲು ಉತ್ಪಾದಕರು ಸಂತ ಯೋಹಾನರ ವೈದ್ಯಕೀಯ ಕಾಲೇಜಿನ ಜೊತೆ ಸೇರಿ, ಲೀಟರಿಗೆ ಕೆಲವು ಪೈಸೆಯಂತೆ ತೆಗೆದಿರಿಸಿ ಆರೋಗ್ಯ ಕೇಂದ್ರವನ್ನು ನಡೆಸಿದರು. ಮಹಾರಾಷ್ಟ್ರದ ಜಾಮ್‌ಖೇಡದಲ್ಲಿ ರಜನೀಕಾಂತ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಆರಂಭಿಸಿದ ಕೆಲಸದಲ್ಲಿ ಓದುಬರಹವಿಲ್ಲದ ಹಳ್ಳಿಯ ಹೆಂಗಸರೇ ಆರೋಗ್ಯ ಕಾರ್ಯಕರ್ತೆಯರಾಗಿ ಒಬ್ಬರಿಗೊಬ್ಬರು ಕಲಿಸಿದರು. ಇದರ ಹಿಂದೆ 1964ರ ಟ್ಯೂಬಿಂಗನ್ ಸಮಾಲೋಚನೆಯ ಒಂದು ತಿಳಿವಿದೆ: ಸ್ವಸ್ಥಗೊಳಿಸುವ ಸೇವೆ ಆಸ್ಪತ್ರೆಗೆ ಮಾತ್ರವಲ್ಲ, ಇಡೀ ಸಭೆಗೆ ಒಪ್ಪಿಸಲ್ಪಟ್ಟದ್ದು.

ಕೂಟದ ವೇಳೆ ಊರಿನ ದುಡಿಮೆಯನ್ನು ನೋಡಿ ನಿರ್ಧಾರವಾಗಬೇಕು. ಬೆಳಗಿನ ಮತ್ತು ಸಂಜೆಯ ಹಾಲು ಕರೆಯುವ ಹೊತ್ತು ಆಗದು. ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ವಾರದಲ್ಲಿ ಯಾರೂ ಬರಲಾರರು. ಆ ವಾರ ಮಾತ್ರೆಯನ್ನೂ ಮರೆಯುತ್ತಾರೆ. ಹಾಗಾಗಿ ಅದನ್ನೇ ಒಂದು ದಿನದ ಚರ್ಚೆಯ ವಿಷಯವಾಗಿಸಬಹುದು. ಹಲಸಿನ ಹಣ್ಣಿನ ಕಾಲ, ಹಬ್ಬದ ಒಬ್ಬಟ್ಟು, ಮದುವೆಯ ಊಟ, ನೆಂಟರ ಮನೆಯಲ್ಲಿ ಸಕ್ಕರೆ ಹಾಕಿದ ಕಾಫಿಯನ್ನು ಬೇಡವೆನ್ನುವ ಬಗೆ, ಇವೆಲ್ಲಕ್ಕೂ ಉತ್ತರ ಬಲ್ಲವರು ಅಲ್ಲಿಯವರೇ. ಸ್ಥಳೀಯ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮೊದಲೇ ತಿಳಿಸಬೇಕು. 30 ವರ್ಷ ದಾಟಿದವರ ತಪಾಸಣೆ ಹೇಗೂ ಅವರ ಹೊಣೆ. ಸ್ಟ್ಯಾನ್‌ಫರ್ಡ್ ಪಾಠಕ್ರಮವನ್ನು ಅದೇ ಹೆಸರಿನಲ್ಲಿ ನಡೆಸಲು ಪರವಾನಗಿಯೂ ತರಬೇತಿಯೂ ಬೇಕಾದುದರಿಂದ, ಅದನ್ನು ನಕಲು ಮಾಡುವುದಕ್ಕಿಂತ ಅದರ ತತ್ತ್ವಗಳನ್ನು ವೈದ್ಯರ ನೆರವಿನಿಂದ ನಮ್ಮ ಸಂದರ್ಭಕ್ಕೆ ಹೊಂದಿಸಿಕೊಳ್ಳುವುದು ಯುಕ್ತ.

ಮೂರು ಎಚ್ಚರಿಕೆಗಳು

ಮೊದಲನೆಯದು ಔಷಧದ್ದು. "ವಿಶ್ವಾಸವಿದ್ದರೆ ಮಾತ್ರೆ ಬಿಡು" ಎಂಬ ಬೋಧನೆ ನಮ್ಮ ನಡುವೆಯೂ ಇದೆ. ಇನ್ಸುಲಿನ್ ಮೇಲೆಯೇ ಬದುಕಿರುವ ಮಗುವಿನ ಚುಚ್ಚುಮದ್ದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಮೇಲಿಂದ ಮೇಲೆ ಬರಬಹುದು. ಯಾಕೋಬನು ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೇಳಿದನೇ ಹೊರತು ವೈದ್ಯರನ್ನು ತೊರೆಯಲು ಹೇಳಲಿಲ್ಲ. ಇದನ್ನು ಸಭಾಪಾಲಕರು ಪ್ರಸಂಗದಲ್ಲಿಯೇ, ಸ್ಪಷ್ಟ ಮಾತಿನಲ್ಲಿ ಹೇಳಬೇಕು. ಮಾತ್ರೆ ನುಂಗುವುದು ಅವಿಶ್ವಾಸವಲ್ಲ.

ಎರಡನೆಯದು ಗುಟ್ಟಿನದು. ಹಳ್ಳಿಯಲ್ಲಿ ತಾಯಿಯ ಮೂರ್ಛೆರೋಗದ ಸುದ್ದಿ ಮಗಳ ಮದುವೆಯನ್ನು ತಪ್ಪಿಸಬಲ್ಲದು. ಕೂಟದಲ್ಲಿ ಆಡಿದ ಮಾತು ಪ್ರಾರ್ಥನಾ ವಿಜ್ಞಾಪನೆಯ ವೇಷದಲ್ಲಿಯೂ ಹೊರಗೆ ಹೋಗಬಾರದು.

ಮೂರನೆಯದು ಜಾತಿಯದು. ಸಹರೋಗಿ ಎಂಬ ಪದದಲ್ಲಿ "ಸಹ" ಎಂಬುದು ನಿಜವಾಗಬೇಕಾದರೆ ಎಲ್ಲರೂ ಒಂದೇ ಚಾಪೆಯಲ್ಲಿ ಕೂರಬೇಕು, ಒಂದೇ ಪಾತ್ರೆಯ ನೀರು ಕುಡಿಯಬೇಕು. ಅಂತಿಯೋಕ್ಯದಲ್ಲಿ ಪೇತ್ರನು ಪಂಕ್ತಿಯಿಂದ ಹಿಂದೆ ಸರಿದಾಗ ಪೌಲನು ಎಲ್ಲರೆದುರಿಗೆ ಅವನನ್ನು ಖಂಡಿಸಿದ ಪ್ರಸಂಗವೂ ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿಯೇ ಇದೆ. ಪಂಕ್ತಿ ಒಡೆದಲ್ಲಿ ಭಾರ ಹೊರುವ ಮಾತು ಬರಿಯ ಮಾತು.

ಸಭಾಪಾಲಕರ ಸ್ಥಾನ

ನಮಗೆ ಎಲ್ಲಕ್ಕಿಂತ ಕಷ್ಟದ್ದು ಇದು: ಈ ಕೂಟವನ್ನು ಸಭಾಪಾಲಕರು ನಡೆಸಬಾರದು. ನಮಗೆ ಕುರ್ಚಿ ಹಾಕಿದ ಕ್ಷಣದಲ್ಲಿ ಕೂಟವು ಆರಾಧನೆಯಾಗುತ್ತದೆ, ಉಳಿದವರು ಕೇಳುಗರಾಗುತ್ತಾರೆ, ಸಂಕಲ್ಪ ಮುರಿದವರು ಪಾಪನಿವೇದನೆ ಮಾಡತೊಡಗುತ್ತಾರೆ. ಸೂಕ್ತ ಮುಂದಾಳುಗಳನ್ನು ಗುರುತಿಸುವುದು, ಜಾಗ ಒದಗಿಸುವುದು, ವೈದ್ಯರೊಡನೆ ಸಂಪರ್ಕ ಕಲ್ಪಿಸುವುದು, ಅನಂತರ ಹೊರಗೆ ಬರುವುದು ನಮ್ಮ ಕೆಲಸ. ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಎಂದೂ ಬಾಯಿಬಿಡದೆ ಹಿಂದಿನ ಸಾಲಿನಲ್ಲಿ ಕೂರುವ, ಹದಿನೈದು ವರ್ಷ ಸಕ್ಕರೆ ಕಾಯಿಲೆಯನ್ನು ಜಾಣತನದಿಂದ ನಿಭಾಯಿಸಿರುವ ತಾಯಿಯೇ ಒಳ್ಳೆಯ ಮುಂದಾಳಾಗಬಹುದು. ವರಗಳನ್ನು ಗುರುತಿಸುವುದೆಂದರೆ ಇದೂ ಹೌದು.

ನಾವು ಒಳಗೆ ಹೋಗಲು ಒಂದೇ ಒಂದು ದಾರಿಯಿದೆ: ರೋಗಿಯಾಗಿ. ನಮ್ಮಲ್ಲಿ ಎಷ್ಟೋ ಜನ ಚೀಲದಲ್ಲಿ ಬಿ.ಪಿ. ಮಾತ್ರೆ ಇಟ್ಟುಕೊಂಡೇ ಪ್ರಸಂಗಕ್ಕೆ ನಿಲ್ಲುತ್ತೇವೆ; ಅದನ್ನು ಸಭೆಗೆ ಹೇಳುವುದಿಲ್ಲ. ಅಂಥವರು ಚಾಪೆಯ ಮೇಲೆ ಕುಳಿತು, ತಮ್ಮ ಸರದಿ ಬಂದಾಗ, ಈ ವಾರ ಮೂರು ದಿನ ನಡೆದೆ, ನಾಲ್ಕನೆಯ ದಿನ ಆಗಲಿಲ್ಲ ಎಂದು ಹೇಳಬಹುದು. ಸಲಹೆ ಬೇಕೇ ಎಂದು ಮುಂದಾಳು ಕೇಳಿದಾಗ ಬೇಕು ಎನ್ನಬಹುದು. ಹಾಗೆ ಹೇಳಿದ ಮೇಲೆ, ಮುಂದಿನ ಸಲ ಮನೆ ಭೇಟಿಗೆ ಹೋಗಿ "ಹೇಗಿದ್ದೀರಮ್ಮಾ?" ಎಂದು ಕೇಳಿದಾಗ, ನಮಗೆ ಬೇರೆ ಉತ್ತರ ದೊರೆಯುವ ಸಂಭವವಿದೆ.